ಹಲ್ಲಿನ ಕ್ಲಿನಿಕ್‌ನಲ್ಲಿ ಮತ್ತಿನ ಔಷಧಿ ಕೊಟ್ಟಾಗ ಉಸಿರು ಕಾಯುವವರು ಯಾರು?

ಐದು ವರ್ಷದ ಮಗು. ಬಾಯಲ್ಲಿ ಎಂಟು ಹಲ್ಲು ಹುಳುಕು. ಎರಡು ಸಲ ಕುರ್ಚಿಯಲ್ಲಿ ಕೂರಿಸಿ ನೋಡಿದ್ದಾಯಿತು, ಬಾಯಿ ಬಿಡುವುದೇ ಇಲ್ಲ, ಸೂಜಿ ಕಂಡರೆ ಕಿರುಚಾಟ. ರಾತ್ರಿಯೆಲ್ಲ ನೋವು, ಊಟ ಸೇರುತ್ತಿಲ್ಲ, ಕೆನ್ನೆ ಊದಿದೆ. ಆಗ ಡಾಕ್ಟರ್ ಹೇಳುತ್ತಾರೆ, "ಮತ್ತು ಕೊಟ್ಟು ಒಂದೇ ಸಲಕ್ಕೆ ಎಲ್ಲಾ ಮುಗಿಸಿಬಿಡೋಣ." ದಾವಣಗೆರೆಯಲ್ಲಿ ಈ ಮಾತು ಈಗ ದಂತ ಕಾಲೇಜುಗಳ ಗೋಡೆ ದಾಟಿ ಪಿ.ಜೆ. ಬಡಾವಣೆ, ಎಂ.ಸಿ.ಸಿ. ಬ್ಲಾಕ್‌ಗಳ ಕ್ಲಿನಿಕ್‌ಗಳಲ್ಲೂ ಕೇಳಿಬರುತ್ತದೆ. ಚಿತ್ರದುರ್ಗದ್ದೂ ಇದೇ ಕಥೆ. ಅಪ್ಪ ಅಮ್ಮ ಕೇಳುವುದು ಸಾಮಾನ್ಯವಾಗಿ ಎರಡೇ ಪ್ರಶ್ನೆ: ನೋವಾಗುತ್ತಾ, ಎಷ್ಟಾಗುತ್ತೆ? ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಉಳಿದುಬಿಡುತ್ತದೆ: ಮಗು ಮಲಗಿದ ಮೇಲೆ ಅದರ ಉಸಿರನ್ನು ಮಾತ್ರ ನೋಡಿಕೊಂಡು ನಿಲ್ಲುವವರು ಯಾರು?

ಪೂರ್ಣ ಅರಿವಳಿಕೆ, ಅಂದರೆ ನೋವಿಗೂ ಎಚ್ಚರವಾಗದಷ್ಟು ಆಳದ ಮತ್ತು, ಹೆದರಿ ಓಡಬೇಕಾದ ಸಂಗತಿಯಲ್ಲ. ಆರೋಗ್ಯವಂತ ಮಗು, ಸಜ್ಜಾದ ಆಪರೇಷನ್ ಥಿಯೇಟರ್, ಪಕ್ಕದಲ್ಲೇ ಅರಿವಳಿಕೆ ತಜ್ಞರು ಇದ್ದರೆ ಅದು ಇವತ್ತಿನ ವೈದ್ಯಕೀಯದಲ್ಲಿ ತುಂಬಾ ಸುರಕ್ಷಿತವಾದ ಕೆಲಸಗಳಲ್ಲೊಂದು. ಬಾಯಿ ತುಂಬ ಹುಳುಕಿರುವ ಪುಟ್ಟ ಮಕ್ಕಳಿಗೆ, ಆಟಿಸಂ ಅಥವಾ ಸೆರೆಬ್ರಲ್ ಪಾಲ್ಸಿ ಇರುವವರಿಗೆ, ಬಾಯಿಯೇ ತೆರೆಯಲಾಗದಷ್ಟು ಸೋಂಕು ಹಬ್ಬಿದವರಿಗೆ, ಹೆದ್ದಾರಿ ಅಪಘಾತದಲ್ಲಿ ದವಡೆ ಮುರಿದುಕೊಂಡವರಿಗೆ ಅದು ಬೇಕೇ ಬೇಕು. ಅಪಾಯ ಔಷಧಿಯಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಅದನ್ನು ಕೊಡುವ ಕೋಣೆಯಲ್ಲಿ, ಆ ಕೋಣೆಯಲ್ಲಿ ಎಷ್ಟು ಜನ ಇದ್ದಾರೆ, ಅವರಿಗೆ ಏನು ಗೊತ್ತು ಎಂಬುದರಲ್ಲಿ ಇದೆ. ನಮ್ಮ ಕಾನೂನು ಸಡಿಲವಾಗಿರುವುದೂ ಅಲ್ಲೇ.

ಮತ್ತಿನಲ್ಲಿ ನಾಲ್ಕು ಹಂತ

ಹಲ್ಲು ಕೀಳುವಾಗ ಒಸಡಿಗೆ ಕೊಡುವ ಮರಗಟ್ಟಿಸುವ ಇಂಜೆಕ್ಷನ್ ಈ ಲೆಕ್ಕಕ್ಕೆ ಬರುವುದಿಲ್ಲ. ಅದು ಆ ಜಾಗದ ನರವನ್ನಷ್ಟೇ ಸುಮ್ಮನಾಗಿಸುತ್ತದೆ, ಮನುಷ್ಯ ಪೂರ್ತಿ ಎಚ್ಚರವಾಗಿಯೇ ಇರುತ್ತಾನೆ. ಮತ್ತು ಬರಿಸುವುದು ಬೇರೆ. ಅದರಲ್ಲಿ ವೈದ್ಯರು ನಾಲ್ಕು ಹಂತ ಗುರುತಿಸುತ್ತಾರೆ. ಮೊದಲನೆಯದರಲ್ಲಿ ಹೆದರಿಕೆ ಕಡಿಮೆಯಾಗಿ ಮಗು ಹಗುರಾಗಿರುತ್ತದೆ, ಮಾತಾಡುತ್ತದೆ. ಎರಡನೆಯದರಲ್ಲಿ ಜೋಂಪು ಹತ್ತಿರುತ್ತದೆ, ಆದರೆ ಹೆಸರು ಹಿಡಿದು ಕರೆದರೆ, ಭುಜ ಮುಟ್ಟಿದರೆ ಕಣ್ಣು ಬಿಡುತ್ತದೆ. ಮೂರನೆಯದು ಆಳವಾದ ಮತ್ತು. ಮತ್ತೆ ಮತ್ತೆ ಅಲುಗಿಸಿದರೆ ಅಥವಾ ನೋವಾದರೆ ಮಾತ್ರ ಪ್ರತಿಕ್ರಿಯೆ ಬರುತ್ತದೆ, ಉಸಿರಿಗೆ ಸಹಾಯ ಬೇಕಾಗಬಹುದು. ನಾಲ್ಕನೆಯದು ಪೂರ್ಣ ಅರಿವಳಿಕೆ. ನೋವಿಗೂ ಎಚ್ಚರವಾಗದ ಸ್ಥಿತಿ ಅದು, ಉಸಿರಿನ ಜವಾಬ್ದಾರಿ ಬಹುಪಾಲು ಹೊರಗಿನವರದ್ದೇ.

ಈ ಹಂತಗಳ ನಡುವೆ ಗೋಡೆಯಿಲ್ಲ. ಒಂದೇ ತೂಕದ ಇಬ್ಬರು ಮಕ್ಕಳಿಗೆ ಮಿಡಜೋಲಾಮ್ ಎಂಬ ಜೋಂಪಿನ ಔಷಧಿಯನ್ನು ಒಂದೇ ಅಳತೆಯಲ್ಲಿ ಕೊಟ್ಟರೆ ಒಂದು ಮಗು ಕೂತು ನಗುತ್ತಿರಬಹುದು, ಇನ್ನೊಂದು ಕುತ್ತಿಗೆ ವಾಲಿಸಿ ಗೊರಕೆ ಹೊಡೆಯುತ್ತಿರಬಹುದು. ಅದರ ಮೇಲೆ ಕೆಟಮಿನ್ ಅಥವಾ ಪ್ರೊಪೊಫಾಲ್‌ನಂಥ ಅರಿವಳಿಕೆ ಔಷಧಿ ಸೇರಿದರೆ ಎರಡನೇ ಹಂತದಿಂದ ನಾಲ್ಕನೆಯದಕ್ಕೆ ಜಾರಲು ನಿಮಿಷವೂ ಬೇಡ. ಅದಕ್ಕೇ ಅರಿವಳಿಕೆ ಶಾಸ್ತ್ರದಲ್ಲಿ ಒಂದು ಕಟ್ಟುನಿಟ್ಟಿನ ಮಾತಿದೆ: ನೀವು ಯಾವ ಹಂತದವರೆಗೆ ಮತ್ತು ಕೊಡಲು ಹೊರಟಿದ್ದೀರೋ, ಅದಕ್ಕಿಂತ ಒಂದು ಹಂತ ಆಳಕ್ಕೆ ಹೋದವರನ್ನು ಬದುಕಿಸಿ ತರುವ ಶಕ್ತಿ ನಿಮ್ಮಲ್ಲಿರಬೇಕು. ಬೋರ್ಡಿನ ಮೇಲೆ "ನೋವಿಲ್ಲದ ಚಿಕಿತ್ಸೆ, ಸೆಡೇಷನ್ ಸೌಲಭ್ಯ" ಎಂದು ಬರೆದರೆ ಮುಗಿಯಲಿಲ್ಲ. ಯಾವ ಹಂತ, ಯಾವ ಔಷಧಿ, ಹಂತ ಜಾರಿದರೆ ಹಿಡಿಯುವವರು ಯಾರು ಎಂದು ಹೇಳಬೇಕು.

ಇಲ್ಲಿ ನೈಟ್ರಸ್ ಆಕ್ಸೈಡ್‌ಗೆ, ಅಂದರೆ ಮೂಗಿನ ಮಾಸ್ಕ್‌ನಲ್ಲಿ ಕೊಡುವ ಅನಿಲಕ್ಕೆ, ಬೇರೆ ಜಾಗ ಕೊಡಬೇಕು. ಅದೊಂದನ್ನೇ ಬಳಸಿದರೆ ಮಗು ಎಚ್ಚರವಾಗಿಯೇ ಇರುತ್ತದೆ. ದಂತ ಚಿಕಿತ್ಸೆಗೆಂದು ಮಾಡಿದ ಯಂತ್ರಗಳು ಎಷ್ಟು ತಿರುಗಿಸಿದರೂ ಆಮ್ಲಜನಕ ಶೇಕಡಾ 30ಕ್ಕಿಂತ ಕೆಳಗಿಳಿಯದಂತೆ ತಡೆಯುತ್ತವೆ. ಕೆಲಸ ಮುಗಿದ ಮೇಲೆ ಐದು ನಿಮಿಷ ಬರೀ ಆಮ್ಲಜನಕ ಕೊಟ್ಟರೆ ಪರಿಣಾಮ ಇಳಿದುಹೋಗುತ್ತದೆ. ತರಬೇತಾದ ದಂತವೈದ್ಯರ ಕೈಯಲ್ಲಿ ಇದು ಕ್ಲಿನಿಕ್‌ಗೆ ಒಪ್ಪುವ ವಿಧಾನ ಎಂದೇ ನನ್ನ ನಂಬಿಕೆ. ಆದರೆ ಮನೆಯಲ್ಲೇ ಮಗುವಿಗೆ ಜೋಂಪಿನ ಸಿರಪ್ ಕುಡಿಸಿಕೊಂಡು ಬನ್ನಿ, ಇಲ್ಲಿ ಬಂದ ಮೇಲೆ ಅನಿಲ ಕೊಡುತ್ತೇವೆ ಎಂದರೆ ಲೆಕ್ಕವೇ ಬದಲಾಯಿತು. ದಾರಿಯಲ್ಲಿ, ಆಟೋದಲ್ಲಿ, ಯಾರೂ ನೋಡದ ಹೊತ್ತಿನಲ್ಲಿ ಮತ್ತು ಏರುತ್ತದೆ. ಮತ್ತಿನ ಔಷಧಿಯನ್ನು ಮನೆಯಲ್ಲಿ ಕೊಡಬಾರದು ಎಂದು ಮಕ್ಕಳ ತಜ್ಞರ ಮಾರ್ಗಸೂಚಿಗಳು ಒತ್ತಿ ಹೇಳುವುದು ಇದಕ್ಕೇ.

ಬಾಯಿಯೂ ಅದೇ, ಉಸಿರಿನ ದಾರಿಯೂ ಅದೇ

ಕಾಲಿನ ಆಪರೇಷನ್ ನಡೆಯುವಾಗ ಶಸ್ತ್ರಚಿಕಿತ್ಸಕರು ಕಾಲಿನ ಕಡೆ, ಅರಿವಳಿಕೆ ತಜ್ಞರು ತಲೆಯ ಕಡೆ. ಹಲ್ಲಿನ ಕೆಲಸದಲ್ಲಿ ಇಬ್ಬರಿಗೂ ಬೇಕಾದ್ದು ಒಂದೇ ಜಾಗ. ಡ್ರಿಲ್ಲಿನ ನೀರು, ರಕ್ತ, ಹಲ್ಲಿನ ಚೂರು, ಹತ್ತಿಯ ಉಂಡೆ ಎಲ್ಲವೂ ಗಂಟಲ ಬಾಗಿಲಲ್ಲೇ ಇರುತ್ತವೆ. ಎಚ್ಚರವಿದ್ದರೆ ಕೆಮ್ಮಿ ಉಗುಳುತ್ತೇವೆ. ಆಳವಾದ ಮತ್ತಿನಲ್ಲಿ ಆ ಕೆಮ್ಮು ಇರುವುದಿಲ್ಲ. ಅರ್ಧ ಮತ್ತಿನಲ್ಲಿ ಒಂದು ಹನಿ ನೀರು ಧ್ವನಿಪೆಟ್ಟಿಗೆಗೆ ತಾಗಿದರೆ ಅದು ಬಿಗಿದು ಮುಚ್ಚಿಕೊಳ್ಳಬಹುದು. ಅದು ಮುಚ್ಚಿತೆಂದರೆ ಎದೆ ಮೇಲೆ ಕೆಳಗೆ ಆಡುತ್ತಿದ್ದರೂ ಗಾಳಿ ಒಳಗೆ ಹೋಗುವುದಿಲ್ಲ.

ಆಸ್ಪತ್ರೆಯಲ್ಲಿ ಇದಕ್ಕೆ ಕಂಡುಕೊಂಡ ದಾರಿ ಸರಳ. ಮೂಗಿನ ಮೂಲಕ ಶ್ವಾಸನಾಳಕ್ಕೆ ಕೊಳವೆ ಇಳಿಸುತ್ತಾರೆ, ಬಾಯಿ ದಂತವೈದ್ಯರಿಗೆ ಬಿಟ್ಟುಕೊಟ್ಟಂತಾಗುತ್ತದೆ. ಗಂಟಲಿಗೆ ಗಾಜ್ ಬಟ್ಟೆ ತುರುಕಿ ನೀರು, ರಕ್ತ ಕೆಳಗಿಳಿಯದಂತೆ ತಡೆಯುವುದೂ ಉಂಟು. ತುರುಕಿದಾಗ ಗಟ್ಟಿಯಾಗಿ ಹೇಳಿ ಬೋರ್ಡಿನ ಮೇಲೆ ಬರೆಯುತ್ತಾರೆ, ತೆಗೆದಾಗ ಮತ್ತೆ ಹೇಳಿ ಅಳಿಸುತ್ತಾರೆ. ಯಾಕೆಂದರೆ ಅದನ್ನು ಒಳಗೇ ಮರೆತು ಕೊಳವೆ ತೆಗೆದರೆ ಮಗುವಿನ ಉಸಿರು ಕಟ್ಟುತ್ತದೆ. ಇಷ್ಟು ಚಿಕ್ಕ ಶಿಸ್ತಿಗೂ ಇಬ್ಬರು ಬೇಕು, ಒಬ್ಬರು ಹೇಳಲು, ಒಬ್ಬರು ಕೇಳಿಸಿಕೊಳ್ಳಲು.

ಮಕ್ಕಳ ವಿಷಯದಲ್ಲಿ ಕಾಲವೂ ಕಡಿಮೆ. ದೊಡ್ಡವರ ದೇಹ ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ ಸುಮಾರು 3ರಿಂದ 4 ಮಿಲಿಲೀಟರ್ ಆಮ್ಲಜನಕ ಬಳಸಿದರೆ, ಪುಟ್ಟ ಮಕ್ಕಳದ್ದು 6ಕ್ಕೂ ಹೆಚ್ಚು. ಖರ್ಚು ಎರಡರಷ್ಟು, ಶ್ವಾಸಕೋಶದಲ್ಲಿ ಕೂಡಿಟ್ಟಿರುವುದು ಕಡಿಮೆ. ಬರೀ ಗಾಳಿ ಉಸಿರಾಡುತ್ತಿದ್ದ ಮಗುವಿನ ಉಸಿರು ನಿಂತರೆ ಒಂದು ನಿಮಿಷ ಕಳೆಯುವಷ್ಟರಲ್ಲೇ ರಕ್ತದ ಆಮ್ಲಜನಕ ಕುಸಿಯತೊಡಗುತ್ತದೆ. ನಂತರ ನಿಧಾನವಾಗುವುದು ಹೃದಯ. ಮೆದುಳಿಗೆ ನಾಲ್ಕೈದು ನಿಮಿಷ ಆಮ್ಲಜನಕ ಸಿಗದಿದ್ದರೆ ಆಗುವ ಹಾನಿ ಸರಿಪಡಿಸಲಾಗದಂಥದ್ದು. 108ಕ್ಕೆ ಫೋನ್ ಮಾಡಿ ಆಂಬುಲೆನ್ಸ್ ಬರುವುದರೊಳಗೆ ಆ ನಾಲ್ಕೈದು ನಿಮಿಷ ಮುಗಿದಿರುತ್ತದೆ. ಆದ್ದರಿಂದ ಬದುಕಿಸುವ ಕೆಲಸ ಆ ಕೋಣೆಯಲ್ಲೇ, ಅಲ್ಲಿರುವವರಿಂದಲೇ ಆಗಬೇಕು.

ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ಕೋವಿಡ್ ನಂತರ ಮನೆಮನೆಗೂ ಗೊತ್ತು. ಅದೊಂದಿದ್ದರೆ ಸಾಕು ಎಂಬ ಭಾವನೆಯಿದೆ, ಸಾಲದು. ಉಸಿರು ನಿಂತ ಸುದ್ದಿ ಬೆರಳಿನ ತುದಿಗೆ ತಡವಾಗಿ ತಲುಪುತ್ತದೆ. ಮೂಗಿಗೆ ಆಮ್ಲಜನಕ ಹಾಕಿದ್ದರಂತೂ ಇನ್ನೂ ತಡ, ಮಗು ಸರಿಯಾಗಿ ಉಸಿರಾಡದಿದ್ದರೂ ಪರದೆಯ ಮೇಲೆ 99 ಎಂದೇ ಕಾಣುತ್ತಿರುತ್ತದೆ. ಪ್ರತಿ ಉಸಿರನ್ನೂ ಅದೇ ಕ್ಷಣದಲ್ಲಿ ತೋರಿಸುವುದು ಕ್ಯಾಪ್ನೋಗ್ರಾಫ್. ಹೊರಬರುವ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಅಳೆದು ಗೆರೆ ಎಳೆಯುವ ಈ ಯಂತ್ರದಲ್ಲಿ ಉಸಿರು ನಿಂತ ತಕ್ಷಣ ಗೆರೆ ಚಪ್ಪಟೆಯಾಗುತ್ತದೆ. ಆಳವಾದ ಮತ್ತು ಅಥವಾ ಪೂರ್ಣ ಅರಿವಳಿಕೆ ಕೊಡುವ ಕೋಣೆಯಲ್ಲಿ ಇದು ಇಲ್ಲವೆಂದರೆ ಅಲ್ಲಿ ಅದನ್ನು ಕೊಡಬಾರದು. ಇದರಲ್ಲಿ ರಾಜಿಗೆ ಜಾಗವಿದೆ ಎಂದು ನನಗೆ ಅನ್ನಿಸುವುದಿಲ್ಲ.

ಇನ್ನೊಂದು ಅಪಾಯದ ಬಗ್ಗೆ ಮಾತು ಕಡಿಮೆ. ಅದು ಮರಗಟ್ಟಿಸುವ ಔಷಧಿಯ ಅಳತೆ. ಲಿಗ್ನೊಕೇನ್ ಎಂಬ ಆ ಔಷಧಿಯ ಶೇಕಡಾ 2ರ ದ್ರಾವಣದ ಒಂದು ಮಿಲಿಲೀಟರ್‌ನಲ್ಲಿ 20 ಮಿಲಿಗ್ರಾಂ ಔಷಧಿ ಇರುತ್ತದೆ. ಮಕ್ಕಳಿಗೆ ಕಿಲೋಗೆ 4.4 ಮಿಲಿಗ್ರಾಂ ದಾಟಬಾರದು ಎಂಬ ಎಚ್ಚರಿಕೆಯ ಮಿತಿ ಹಿಡಿದರೆ, 15 ಕಿಲೋ ಮಗುವಿಗೆ ಒಟ್ಟು 66 ಮಿಲಿಗ್ರಾಂ, ಅಂದರೆ ಮೂರು ಮಿಲಿಲೀಟರ್‌ಗೆ ಸ್ವಲ್ಪ ಮೇಲೆ. ದೊಡ್ಡವರಿಗೆ ಎರಡು ಕಡೆ ಕೊಡುವಷ್ಟೇ ಆಯಿತು. ಮಗು ಮಲಗಿದೆ, ಒಂದೇ ಸಲಕ್ಕೆ ನಾಲ್ಕೂ ಕಡೆಯ ಹಲ್ಲು ಮುಗಿಸಬೇಕು ಎಂಬ ಆತುರದಲ್ಲಿ ಈ ಮಿತಿ ದಾಟುವುದು ಸುಲಭ. ಎಚ್ಚರವಿದ್ದ ಮಗುವಾದರೆ ತುಟಿ ಜುಮ್ಮೆನ್ನುತ್ತದೆ, ತಲೆ ತಿರುಗುತ್ತದೆ ಎನ್ನುತ್ತದೆ. ಮಲಗಿದ ಮಗು ಏನೂ ಹೇಳುವುದಿಲ್ಲ. ಮೊದಲು ಕಾಣುವುದೇ ಫಿಟ್ಸ್ ಅಥವಾ ಹೃದಯದ ತಾಳ ತಪ್ಪುವುದು. ತೂಕ ನೋಡದೆ ಮಗುವನ್ನು ಕುರ್ಚಿಗೆ ಕೂರಿಸುವ ಕ್ಲಿನಿಕ್‌ನಲ್ಲಿ ಮುಂದಿನ ಮಾತೇ ಬೇಡ.

ಬೇರೆ ಕಡೆ ಕಾನೂನು ಹೇಗೆ ಬಿಗಿಯಾಯಿತು

ಅರಿವಳಿಕೆಯನ್ನು ಜಗತ್ತಿಗೆ ತೋರಿಸಿದವರೇ ದಂತವೈದ್ಯರು. ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ 1844ರ ಡಿಸೆಂಬರ್ 11ರಂದು ಹೊರೇಸ್ ವೆಲ್ಸ್ ನೈಟ್ರಸ್ ಆಕ್ಸೈಡ್ ಉಸಿರಾಡಿ ತನ್ನದೇ ಹಲ್ಲು ಕೀಳಿಸಿಕೊಂಡರು. 1846ರ ಅಕ್ಟೋಬರ್ 16ರಂದು ಬಾಸ್ಟನ್‌ನಲ್ಲಿ ಈಥರ್ ಪ್ರದರ್ಶಿಸಿದ ವಿಲಿಯಂ ಮಾರ್ಟನ್ ಕೂಡ ದಂತವೈದ್ಯರೇ. ಆ ಪರಂಪರೆಯಿಂದಾಗಿ ಪಶ್ಚಿಮದಲ್ಲಿ ಹಲ್ಲಿನ ಕ್ಲಿನಿಕ್‌ನಲ್ಲೇ ಪೂರ್ಣ ಅರಿವಳಿಕೆ ಕೊಡುವುದು ಬಹುಕಾಲ ಮಾಮೂಲಿಯಾಗಿತ್ತು.

ಬ್ರಿಟನ್ ಅದನ್ನು ನಿಲ್ಲಿಸಿತು. ಹಲ್ಲು ಕೀಳಿಸಿಕೊಳ್ಳಲು ಹೋದ ಆರೋಗ್ಯವಂತ ಮಕ್ಕಳು ಕ್ಲಿನಿಕ್‌ನಲ್ಲಿ ಸತ್ತ ಪ್ರಕರಣಗಳು ಮರುಕಳಿಸಿದಾಗ, 1998ರಲ್ಲಿ ಅಲ್ಲಿನ ದಂತ ಪರಿಷತ್ತು ನಿಯಮ ಬಿಗಿ ಮಾಡಿತು. 2000ದಲ್ಲಿ ಸರ್ಕಾರದ ಮುಖ್ಯ ವೈದ್ಯಾಧಿಕಾರಿ ಮತ್ತು ಮುಖ್ಯ ದಂತವೈದ್ಯಾಧಿಕಾರಿಗಳು ಕೂಡಿ ಪರಿಶೀಲಿಸಿದರು. 2001ರ ಕೊನೆಯಿಂದ, ತುರ್ತು ನಿಗಾ ಸೌಲಭ್ಯವಿರುವ ಆಸ್ಪತ್ರೆ ಬಿಟ್ಟು ಬೇರೆಲ್ಲೂ ದಂತ ಚಿಕಿತ್ಸೆಗೆ ಪೂರ್ಣ ಅರಿವಳಿಕೆ ಇಲ್ಲ ಎಂದಾಯಿತು. ಕ್ಲಿನಿಕ್‌ಗೆ ಉಳಿದದ್ದು ಎಚ್ಚರ ತಪ್ಪದಷ್ಟು ಹಗುರವಾದ ಮತ್ತು ಮಾತ್ರ.

ಅಮೆರಿಕ ಬೇರೆ ದಾರಿ ಹಿಡಿಯಿತು. ಅಲ್ಲಿ ಕ್ಲಿನಿಕ್‌ನಲ್ಲಿ ಅನುಮತಿಯಿದೆ, ಆದರೆ ರಾಜ್ಯದ ದಂತ ಮಂಡಳಿ ಕೊಡುವ ಪ್ರತ್ಯೇಕ ಪರ್ಮಿಟ್ ಬೇಕು. ಬಾಯಿ ಶಸ್ತ್ರಚಿಕಿತ್ಸಕರು ತಾವೇ ಆಪರೇಷನ್ ಮಾಡುತ್ತ ತಾವೇ ಅರಿವಳಿಕೆಯ ಉಸ್ತುವಾರಿಯನ್ನೂ ನೋಡುವ ಪದ್ಧತಿ ಅಲ್ಲಿ ಬೆಳೆದಿತ್ತು. ಕ್ಯಾಲಿಫೋರ್ನಿಯಾದಲ್ಲಿ 2015ರಲ್ಲಿ ಹಲ್ಲು ಕೀಳಿಸಲು ಹೋದ ಆರು ವರ್ಷದ ಹುಡುಗ ಹೀಗೇ ತೀರಿಕೊಂಡ. ಅವನ ಕುಟುಂಬ ಸುಮ್ಮನೆ ಕೂರಲಿಲ್ಲ. ಅವರ ಒತ್ತಾಯದಿಂದ 2016ರಲ್ಲಿ ಒಂದು ಕಾಯ್ದೆ ಬಂತು, 2018ರಲ್ಲಿ ಅದಕ್ಕಿಂತ ಬಿಗಿಯಾದ ಇನ್ನೊಂದು. 2022ರ ಜನವರಿಯಿಂದ ಜಾರಿಯಾದ ನಿಯಮದಲ್ಲಿ ಏಳು ವರ್ಷದೊಳಗಿನ ಮಕ್ಕಳಿಗೆ ಬೇರೆಯೇ ಕಟ್ಟಳೆ, ದಂತವೈದ್ಯರನ್ನು ಬಿಟ್ಟು ಕನಿಷ್ಠ ಇಬ್ಬರು ಸಿಬ್ಬಂದಿ ಇರಲೇಬೇಕು. ಅಮೆರಿಕದ ಮಕ್ಕಳ ವೈದ್ಯರ ಮತ್ತು ಮಕ್ಕಳ ದಂತವೈದ್ಯರ ಸಂಘಗಳು 2019ರಲ್ಲಿ ಜಂಟಿ ಮಾರ್ಗಸೂಚಿ ತಿದ್ದಿದಾಗ ಇನ್ನೂ ಸ್ಪಷ್ಟವಾಗಿ ಹೇಳಿದವು: ಔಷಧಿ ಕೊಟ್ಟು ಉಸಿರು ನೋಡುವವರು ಬೇರೆ, ಹಲ್ಲು ನೋಡುವವರು ಬೇರೆ, ಮತ್ತು ಮಕ್ಕಳನ್ನು ಬದುಕಿಸುವ ಉನ್ನತ ತರಬೇತಿ ಇಬ್ಬರಿಗೂ ಆಗಿರಬೇಕು.

ಎರಡು ದೇಶ, ಎರಡು ದಾರಿ. ಆದರೆ ಎರಡೂ ಬಂದು ನಿಂತದ್ದು ಒಂದೇ ಕಡೆ: ಹಲ್ಲಿನ ಮೇಲೆ ಕಣ್ಣಿಟ್ಟವರು ಉಸಿರಿನ ಮೇಲೂ ಕಣ್ಣಿಡಲಾರರು. ಇದು ಯಾರ ಜಾಣತನದ ಪ್ರಶ್ನೆಯೂ ಅಲ್ಲ. ಹಿಂಬದಿ ದವಡೆಯ ಹಾಲುಹಲ್ಲಿನ ನರ ತೆಗೆಯುವಾಗ ನೋಟ, ಕಿವಿ, ಕೈ ಎಲ್ಲವೂ ಕೆಲವೇ ಮಿಲಿಮೀಟರ್ ಜಾಗದಲ್ಲಿ ನೆಟ್ಟಿರುತ್ತವೆ, ನೆಟ್ಟಿರಬೇಕು ಕೂಡ.

ನಮ್ಮಲ್ಲಿ ಏನಿದೆ, ಏನಿಲ್ಲ

ನಮ್ಮ ದಂತವೈದ್ಯರು 1948ರ ದಂತವೈದ್ಯರ ಕಾಯ್ದೆಯಡಿ ಬೆಳೆದು ಬಂದವರು. ಅದರ ಜಾಗಕ್ಕೆಂದು 2023ರಲ್ಲಿ ರಾಷ್ಟ್ರೀಯ ದಂತ ಆಯೋಗ ಕಾಯ್ದೆ ಬಂದಿದೆ. ಪೂರ್ಣ ಅರಿವಳಿಕೆ ಕೊಡುವುದು ನಮ್ಮಲ್ಲಿ ಅರಿವಳಿಕೆಯಲ್ಲಿ ಎಂ.ಡಿ., ಡಿ.ಎ., ಡಿ.ಎನ್.ಬಿ.ಯಂಥ ಸ್ನಾತಕೋತ್ತರ ಓದು ಮುಗಿಸಿದ ವೈದ್ಯರ ಕೆಲಸ. ನಾಲ್ಕು ವರ್ಷ ಓದಿ ಒಂದು ವರ್ಷ ಇಂಟರ್ನ್‌ಶಿಪ್ ಮುಗಿಸಿದ ಬಿ.ಡಿ.ಎಸ್. ಪದವೀಧರರು ಅರಿವಳಿಕೆಯ ಬಗ್ಗೆ ಓದಿರುತ್ತಾರೆ, ಆದರೆ ಕೊಡುವ ತರಬೇತಿ ಪಡೆದಿರುವುದಿಲ್ಲ. ಅರ್ಹತೆಯಿಲ್ಲದ ಪದ್ಧತಿಯಲ್ಲಿ ಚಿಕಿತ್ಸೆ ಕೊಟ್ಟರೆ ಅದೇ ನಿರ್ಲಕ್ಷ್ಯ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಪೂನಂ ವರ್ಮಾ ಪ್ರಕರಣದಲ್ಲಿ ಹೇಳಿತು. ಅದು ಹಲ್ಲಿನ ಪ್ರಕರಣವಲ್ಲ, ಹೋಮಿಯೋಪತಿ ವೈದ್ಯರೊಬ್ಬರು ಅಲೋಪತಿ ಔಷಧಿ ಕೊಟ್ಟದ್ದರ ಮೇಲಿನ ತೀರ್ಪು. ಆದರೂ ಅದರ ತರ್ಕ ಇಲ್ಲಿಗೂ ಮುಟ್ಟುತ್ತದೆ. 2008ರ ಸಮೀರಾ ಕೊಹ್ಲಿ ತೀರ್ಪು ಒಪ್ಪಿಗೆಯ ಬಗ್ಗೆ ಹೇಳಿದ್ದನ್ನೂ ಜೊತೆಗಿಟ್ಟು ನೋಡಬೇಕು. ಒಂದು ಚಿಕಿತ್ಸೆಗೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಸಲ್ಲದು, ಲಾಭ, ಅಪಾಯ, ಬೇರೆ ದಾರಿ ಮೂರನ್ನೂ ಅರ್ಥವಾಗುವಂತೆ ಹೇಳಿರಬೇಕು. ಹಲ್ಲು ಕೀಳಲು ಹಾಕಿಸಿಕೊಂಡ ಸಹಿ ಅರಿವಳಿಕೆಗೆ ಹಾಕಿದ ಸಹಿಯಾಗುವುದಿಲ್ಲ ಎಂದೇ ನಾನು ಅದನ್ನು ಓದುತ್ತೇನೆ.

ರಾಜ್ಯದ ಮಟ್ಟದಲ್ಲಿ ಇರುವುದು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಎಲ್ಲರ ಬಾಯಲ್ಲಿ ಕೆ.ಪಿ.ಎಂ.ಇ. ದಂತ ಕ್ಲಿನಿಕ್‌ಗಳೂ ಇದರಡಿ ನೋಂದಾಯಿಸಬೇಕು. 2017ರ ತಿದ್ದುಪಡಿಯ ನಂತರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವೇ ನೋಂದಣಿಯನ್ನೂ ದೂರನ್ನೂ ನೋಡುತ್ತದೆ, ಜಿಲ್ಲಾ ಆರೋಗ್ಯಾಧಿಕಾರಿ ಅದರ ಸದಸ್ಯ ಕಾರ್ಯದರ್ಶಿ. ಇಷ್ಟೆಲ್ಲ ಇದ್ದರೂ ಕ್ಯಾಲಿಫೋರ್ನಿಯಾದ ಹಾಗೆ ಹಲ್ಲಿನ ಕ್ಲಿನಿಕ್‌ನ ಅರಿವಳಿಕೆಗೆಂದೇ ಪ್ರತ್ಯೇಕ ಪರ್ಮಿಟ್ ಇಲ್ಲಿಲ್ಲ, ಬ್ರಿಟನ್‌ನ ಹಾಗೆ ಕ್ಲಿನಿಕ್‌ನಲ್ಲಿ ಬೇಡವೇ ಬೇಡ ಎಂಬ ನಿಷೇಧವೂ ಇಲ್ಲ. ಹಲ್ಲು ಶುಚಿ ಮಾಡುವ ಕ್ಲಿನಿಕ್‌ಗೂ ಮಗುವಿಗೆ ಪೂರ್ತಿ ಮತ್ತು ಕೊಡುವ ಕ್ಲಿನಿಕ್‌ಗೂ ಹೊರಗಿನ ಬೋರ್ಡು ಒಂದೇ ಥರ.

ಆದ್ದರಿಂದ ಎಲ್ಲವೂ ಕರೆದಾಗ ಬರುವ ಅರಿವಳಿಕೆ ತಜ್ಞರ ವಿವೇಚನೆಯ ಮೇಲೆ ನಿಂತಿದೆ. ಈ ತಜ್ಞರು ಒಂದು ನರ್ಸಿಂಗ್ ಹೋಮ್‌ನಿಂದ ಇನ್ನೊಂದಕ್ಕೆ ತಮ್ಮ ಬ್ಯಾಗ್ ಹಿಡಿದು ಓಡುವವರು. ಬಹುಪಾಲು ನುರಿತವರು, ಅವರ ಕೈಗುಣದ ಮೇಲೆ ನನ್ನ ಅನುಮಾನವಿಲ್ಲ. ನನ್ನ ಚಿಂತೆ ಅವರು ಬಂದು ನಿಲ್ಲುವ ಕೋಣೆಯದ್ದು. ನಮ್ಮ ಊರಿನ ಎಷ್ಟೋ ಕ್ಲಿನಿಕ್‌ಗಳು ಅಂಗಡಿಯ ಮೇಲಿನ ಮೊದಲ ಮಹಡಿಯಲ್ಲಿವೆ. ಮೆಟ್ಟಿಲು ಕಿರಿದು, ತಿರುವಿನಲ್ಲಿ ಸ್ಟ್ರೆಚರ್ ಹೊರಳುವುದಿಲ್ಲ, ಲಿಫ್ಟ್ ಇಲ್ಲ. ಕರೆಂಟ್ ಹೋದರೆ ಕಂಪ್ರೆಸರ್ ಜೊತೆಗೆ ಬಾಯಿಯ ರಕ್ತ ಎಳೆಯುವ ಸಕ್ಷನ್ನೂ ನಿಲ್ಲುತ್ತದೆ. ದಂತ ಕುರ್ಚಿಯ ಮೇಲೆ ಎದೆ ಒತ್ತಬೇಕಾಗಿ ಬಂದರೆ ಅದರ ಬೆನ್ನು ಸ್ಪ್ರಿಂಗಿನ ಹಾಗೆ ಕೆಳಗೆ ಹೋಗುತ್ತದೆ. ಒತ್ತಿದ ಬಲ ಎದೆಗೆ ಸರಿಯಾಗಿ ತಲುಪಬೇಕಾದರೆ ಹಿಂದೆ ಸ್ಟೂಲ್ ಆನಿಸಬೇಕು, ಇಲ್ಲವೇ ಮಗುವನ್ನು ನೆಲಕ್ಕಿಳಿಸಬೇಕು. ಇದನ್ನು ಒಮ್ಮೆಯಾದರೂ ಅಭ್ಯಾಸ ಮಾಡಿದ ಸಿಬ್ಬಂದಿ ಅಲ್ಲಿದ್ದಾರಾ? ಕೊಳವೆ ಇಳಿಸುವಾಗ ಕೈಗೆ ಸಲಕರಣೆ ಕೊಡುವವರು ಯಾರು, ರಿಸೆಪ್ಷನ್‌ನಲ್ಲಿ ಬಿಲ್ ಬರೆಯುವವರೇ? ಆಮ್ಲಜನಕದ ಸಿಲಿಂಡರ್ ಎಷ್ಟು ತುಂಬಿದೆ ಎಂದು ಬೆಳಿಗ್ಗೆ ಯಾರು ನೋಡಿದರು? ಬಿ ಟೈಪ್ ಸಿಲಿಂಡರ್‌ನಲ್ಲಿ ಸುಮಾರು 1500 ಲೀಟರ್ ಇರುತ್ತದೆ. ನಿಮಿಷಕ್ಕೆ 10 ಲೀಟರ್‌ನಂತೆ ಬಳಸಿದರೆ ಎರಡೂವರೆ ಗಂಟೆ. ಅರ್ಧ ಖಾಲಿಯಾಗಿದ್ದರೆ ಎಂಟು ಹಲ್ಲಿನ ಕೆಲಸ ಮುಗಿಯುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ.

ನನ್ನ ಅಭಿಪ್ರಾಯ ಇಷ್ಟು. ದಾವಣಗೆರೆ, ಚಿತ್ರದುರ್ಗದಂಥ ಕಡೆ ಹಲ್ಲಿಗಾಗಿ ಕೊಡುವ ಪೂರ್ಣ ಅರಿವಳಿಕೆ ಕ್ಲಿನಿಕ್‌ನಲ್ಲಿ ಬೇಡ, ಆಸ್ಪತ್ರೆಯ ಥಿಯೇಟರ್‌ನಲ್ಲೇ ಆಗಲಿ. ದಾವಣಗೆರೆಯಲ್ಲಿ ಎರಡು ದಂತ ಕಾಲೇಜು, ಎರಡು ವೈದ್ಯಕೀಯ ಕಾಲೇಜು, ಚಿಗಟೇರಿ ಜಿಲ್ಲಾ ಆಸ್ಪತ್ರೆ ಒಂದೇ ಊರಿನೊಳಗಿವೆ. ಬಾಪೂಜಿ ದಂತ ಕಾಲೇಜು, ಜೆ.ಜೆ.ಎಂ., ಎಸ್.ಎಸ್. ವೈದ್ಯಕೀಯ ಕಾಲೇಜುಗಳು ಒಂದೇ ವಿದ್ಯಾಸಂಸ್ಥೆಯವು. ಚಿತ್ರದುರ್ಗದಲ್ಲೂ ಎಸ್.ಜೆ.ಎಂ. ದಂತ ಕಾಲೇಜಿದೆ, ಬಸವೇಶ್ವರ ವೈದ್ಯಕೀಯ ಕಾಲೇಜಿದೆ. ಬೇರೆ ಎಷ್ಟೋ ಜಿಲ್ಲೆಗಳಿಗೆ ಇಲ್ಲದ ಅನುಕೂಲವಿದು. ಹೊಸದುರ್ಗ, ಮೊಳಕಾಲ್ಮುರು, ಜಗಳೂರಿನ ಕ್ಲಿನಿಕ್‌ಗಳಲ್ಲಿ ಅನುಕೂಲ ಕಡಿಮೆ ಎಂಬುದೇ ಅಲ್ಲಿ ಇನ್ನೂ ಬೇಡ ಎನ್ನಲು ಕಾರಣ.

ಖಾಸಗಿ ದಂತವೈದ್ಯರು ಇದಕ್ಕೆ ಹೇಳುವ ಮಾತು ನ್ಯಾಯವಾದದ್ದೇ. ದೊಡ್ಡ ಆಸ್ಪತ್ರೆಯಲ್ಲಿ ಥಿಯೇಟರ್ ಸಿಗಲು ಸರದಿ, ಖರ್ಚು ಹೆಚ್ಚು, ಕೂಲಿ ಬಿಟ್ಟು ಬರುವವರಿಗೆ ಮೂರು ಮೂರು ಸಲ ಓಡಾಟ. ಪರಿಹಾರ ಕಷ್ಟದ್ದೇನಲ್ಲ. ವಾರಕ್ಕೊಂದು ದಿನ ಹಲ್ಲಿನ ಕೆಲಸಕ್ಕೆಂದೇ ಥಿಯೇಟರ್ ಮೀಸಲಿಟ್ಟು ಹೊರಗಿನ ದಂತವೈದ್ಯರೂ ತಮ್ಮ ರೋಗಿಯನ್ನು ಕರೆತಂದು ಮಾಡುವಂತಾದರೆ, ಬೆಳಿಗ್ಗೆ ಬಂದ ಮಗು ಸಂಜೆ ಮನೆಗೆ ಹೋಗುತ್ತದೆ. ಅಷ್ಟರವರೆಗೆ ಜಿಲ್ಲಾ ಪ್ರಾಧಿಕಾರ ಒಂದು ಕೆಲಸ ಮಾಡಬಹುದು. ನೋಂದಣಿ ಮತ್ತು ಐದು ವರ್ಷಕ್ಕೊಮ್ಮೆ ಆಗುವ ನವೀಕರಣದ ಹೊತ್ತಿನಲ್ಲಿ ಪ್ರತಿ ದಂತ ಕ್ಲಿನಿಕ್‌ನಿಂದ ಬರವಣಿಗೆಯಲ್ಲಿ ಕೇಳಲಿ: ಇಲ್ಲಿ ಮತ್ತು ಕೊಡುತ್ತೀರಾ, ಯಾವ ಹಂತದವರೆಗೆ, ಯಾರು ಕೊಡುತ್ತಾರೆ? ಕೊಡುತ್ತೇವೆ ಎಂದವರ ಕೋಣೆಯನ್ನು ವೈದ್ಯಕೀಯ ಕಾಲೇಜಿನ ಅರಿವಳಿಕೆ ವಿಭಾಗದವರಿಂದ ನೋಡಿಸಲಿ.

ಬೇಡವಾದ ಕಡೆ ಮತ್ತಿನ ಔಷಧಿಯೇ ಬೇಡ

ಎಷ್ಟೋ ಮಕ್ಕಳಿಗೆ ಪೂರ್ಣ ಅರಿವಳಿಕೆಯ ಹಂತಕ್ಕೇ ಹೋಗಬೇಕಿಲ್ಲ. ಹುಳುಕಿನ ಮೇಲೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವ ಹಚ್ಚಿದರೆ ಬಹಳ ಸಲ ಅದು ಅಲ್ಲಿಗೇ ನಿಲ್ಲುತ್ತದೆ. ಸೂಜಿಯಿಲ್ಲ, ಡ್ರಿಲ್ಲಿಲ್ಲ. ಹಚ್ಚಿದ ಜಾಗ ಕಪ್ಪಾಗುತ್ತದೆ ಎಂಬುದೊಂದೇ ತೊಂದರೆ, ಬಿದ್ದುಹೋಗುವ ಹಾಲುಹಲ್ಲಿಗೆ ಅದನ್ನು ಸಹಿಸಿಕೊಳ್ಳಬಹುದು. ಸ್ಕಾಟ್ಲೆಂಡ್‌ನ ದಂತವೈದ್ಯೆ ನೋರ್ನಾ ಹಾಲ್ ಅವರ ಹೆಸರಿನ ಇನ್ನೊಂದು ವಿಧಾನದಲ್ಲಿ ಹುಳುಕನ್ನು ಕೊರೆಯದೆ ಅದರ ಮೇಲೇ ಸ್ಟೀಲ್ ಕ್ಯಾಪ್ ಕೂರಿಸುತ್ತಾರೆ. ಸಕ್ಕರೆ ತಲುಪದೆ ಹುಳುಕು ಸುಮ್ಮನಾಗುತ್ತದೆ. ಕೀವು ತುಂಬಿದ, ನರಕ್ಕೆ ಮುಟ್ಟಿದ ಹಲ್ಲಿಗೆ ಇವು ಆಗುವುದಿಲ್ಲ. ಆದರೆ "ಮತ್ತು ಬಿಟ್ಟು ಬೇರೆ ದಾರಿ ಇದೆಯಾ" ಎಂದು ಕೇಳಿದರೆ ಇವುಗಳ ಮಾತು ಬರಬೇಕು. ಬಾರದಿದ್ದರೆ ಇನ್ನೊಬ್ಬ ಮಕ್ಕಳ ದಂತವೈದ್ಯರನ್ನು ನೋಡುವುದು ಒಳ್ಳೆಯದು. ಹಾಗೆಯೇ, ದೊಡ್ಡವರು ಬುದ್ಧಿಹಲ್ಲು ತೆಗೆಸಲು ಪೂರ್ತಿ ಮತ್ತು ಬೇಕೆಂದು ಹಟ ಹಿಡಿಯುವುದು ಈಚೆಗೆ ಕಾಣುತ್ತದೆ. ಬಹಳಷ್ಟು ಬುದ್ಧಿಹಲ್ಲುಗಳಿಗೆ ಒಸಡಿನ ಇಂಜೆಕ್ಷನ್ನೇ ಸಾಕು.

ಮತ್ತು ಕೊಟ್ಟರೆ ಮಗುವಿನ ಬುದ್ಧಿ ಮಂಕಾಗುತ್ತಾ ಎಂದು ತಾಯಂದಿರು ಕೇಳುತ್ತಾರೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ 2016ರ ಡಿಸೆಂಬರ್‌ನಲ್ಲಿ ಎಚ್ಚರಿಸಿದ್ದು ಮೂರು ವರ್ಷದೊಳಗಿನ ಮಕ್ಕಳಿಗೆ ಪದೇ ಪದೇ ಅಥವಾ ಮೂರು ಗಂಟೆಗೂ ಹೆಚ್ಚು ಕೊಡುವ ಅರಿವಳಿಕೆಯ ಬಗ್ಗೆ. ಒಮ್ಮೆ, ಒಂದು ಗಂಟೆಯೊಳಗೆ ಮುಗಿದ ಅರಿವಳಿಕೆಯಿಂದ ಶಿಶುಗಳ ಬೆಳವಣಿಗೆಗೆ ಧಕ್ಕೆಯಾದದ್ದು 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಕಾಣಲಿಲ್ಲ. ಎಲ್ಲ ಹಲ್ಲನ್ನೂ ಒಂದೇ ಸಲಕ್ಕೆ ಮುಗಿಸಿ ಎರಡನೇ ಸಲ ಬರದಂತೆ ನೋಡಿಕೊಳ್ಳುವುದೇ ಜಾಣತನ. ರಾತ್ರಿ ಸಕ್ಕರೆ ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸುವುದನ್ನು ಅವತ್ತಿನಿಂದಲೇ ಬಿಡಿಸದಿದ್ದರೆ ಆ ಎರಡನೇ ಸಲ ಬಂದೇ ಬರುತ್ತದೆ.

ಮನೆಯವರ ಕೈಯಲ್ಲಿರುವುದು ಹೊಟ್ಟೆ ಖಾಲಿ ಇರುವಂತೆ ನೋಡಿಕೊಳ್ಳುವುದು. ಇಲ್ಲಿ ಎಡವುವುದು ಪ್ರೀತಿಯಿಂದಲೇ. ಮೊಳಕಾಲ್ಮುರಿನಿಂದಲೋ ಜಗಳೂರಿನಿಂದಲೋ ನಸುಕಿನ ಬಸ್ ಹತ್ತಿ ಬರುವಾಗ ಮಗು ಹಸಿವಿನಿಂದ ಅಳುತ್ತದೆ, ಅಜ್ಜಿ ಒಂದು ಲೋಟ ಹಾಲು, ಎರಡು ಬಿಸ್ಕತ್ ಕೊಟ್ಟುಬಿಡುತ್ತಾರೆ. ಹೊಟ್ಟೆಯಲ್ಲಿದ್ದದ್ದು ಮತ್ತಿನಲ್ಲಿ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಲೆಕ್ಕ ಹೀಗೆ: ಬರೀ ನೀರಾದರೆ 2 ಗಂಟೆ ಮೊದಲು ನಿಲ್ಲಿಸಬೇಕು, ಎದೆಹಾಲು 4 ಗಂಟೆ, ಹಸು ಎಮ್ಮೆಯ ಹಾಲು, ಪುಡಿ ಹಾಲು, ಹಗುರ ತಿಂಡಿ 6 ಗಂಟೆ, ಎಣ್ಣೆ ಬೆಣ್ಣೆಯ ತಿಂಡಿ 8 ಗಂಟೆ. ಹಾಲು ಹಾಕಿದ ಚಹಾ ಹಾಲಿನ ಲೆಕ್ಕಕ್ಕೇ ಬರುತ್ತದೆ. ಏನಾದರೂ ಕೊಟ್ಟಿದ್ದರೆ ಮುಚ್ಚಿಡದೆ ಹೇಳಿ, ಬೈಗುಳ ಬಿದ್ದರೂ ಪರವಾಗಿಲ್ಲ. ಎರಡು ವಾರದೊಳಗೆ ನೆಗಡಿ ಕೆಮ್ಮು ಆಗಿದ್ದರೆ, ಮಗು ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಿದ್ದರೆ, ಹೃದಯದಲ್ಲಿ ರಂಧ್ರವೋ ಉಬ್ಬಸವೋ ಇದ್ದರೆ ಅದನ್ನೂ ಮೊದಲೇ ಹೇಳಬೇಕು. ಅಂಥ ಮಗುವಿಗೆ ಕ್ಲಿನಿಕ್ ಖಂಡಿತ ಸರಿಯಾದ ಜಾಗವಲ್ಲ.

ಕೆಲಸ ಮುಗಿದ ಮೇಲಿನ ಗಂಟೆಯಲ್ಲೂ ಅಪಾಯ ಉಳಿದಿರುತ್ತದೆ. ಡ್ರಿಲ್ಲಿನ ಸದ್ದು, ನೋವು ನಿಂತ ಕೂಡಲೇ ಮಗು ಮತ್ತೆ ಆಳಕ್ಕೆ ಜಾರಬಹುದು. ಮಗು ತಾನಾಗಿ ಎದ್ದು, ಹೆಸರು ಹೇಳಿ, ಯಾರ ಆಸರೆಯೂ ಇಲ್ಲದೆ ಕತ್ತು ನೆಟ್ಟಗೆ ಹಿಡಿದು ಕೂರುವವರೆಗೆ ಬಿಡಿಸಿಕೊಂಡು ಹೋಗಬೇಡಿ, ಮುಂದಿನ ರೋಗಿ ಕಾಯುತ್ತಿದ್ದಾರೆ ಎಂದು ಅವಸರ ಮಾಡಿದರೂ ಸರಿ. ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೋಗುವುದಂತೂ ಬೇಡವೇ ಬೇಡ. ಜೋಂಪಿನಲ್ಲಿ ಗದ್ದ ಎದೆಗೆ ಒತ್ತಿದರೆ ಉಸಿರಿನ ದಾರಿ ಮಡಚಿಕೊಳ್ಳುತ್ತದೆ, ಮುಂದೆ ಕೂತವರಿಗೂ ಹಿಂದೆ ಕೂತವರಿಗೂ ಅದು ಕಾಣುವುದಿಲ್ಲ. ಕಾರು ಅಥವಾ ಆಟೋದಲ್ಲಿ ಇಬ್ಬರು ದೊಡ್ಡವರು ಜೊತೆಗಿರಲಿ. ಒಬ್ಬರು ದಾರಿಯುದ್ದಕ್ಕೂ ಮಗುವಿನ ಮುಖ ನೋಡುತ್ತ, ಗದ್ದ ಮೇಲೆತ್ತಿ ಹಿಡಿದು, ಆಗಾಗ ಮಾತಾಡಿಸುತ್ತಿರಲಿ. ಮನೆಗೆ ಬಂದು ಮಲಗಿದ ಮೇಲೂ ಸಂಜೆಯವರೆಗೆ ಪಕ್ಕದಲ್ಲಿ ಒಬ್ಬರು ಇರಬೇಕು. ಕರೆದರೂ ಏಳದಿದ್ದರೆ, ತುಟಿ ನೀಲಿಗಟ್ಟಿದರೆ, ಉಸಿರಿನಲ್ಲಿ ಕೊರ್ ಎಂಬ ಸದ್ದು ಬಂದರೆ ಕ್ಲಿನಿಕ್‌ಗೆ ಫೋನ್ ಮಾಡಿ ಕೇಳುತ್ತ ಕೂರದೆ 108ಕ್ಕೆ ಕರೆ ಮಾಡಿ.